ಎರಡನೇ ಸಲ ಒತ್ತಿದ ಬಟನ್

"ಈಗಷ್ಟೇ ಕೈಯಲ್ಲಿತ್ತು." ವಿಮಾನದಲ್ಲಿ ಫೋನು ಕಳೆದುಕೊಂಡವರೆಲ್ಲ ಹೇಳುವುದು ಇದೊಂದೇ ಮಾತು. ಕೈಯಲ್ಲಿದ್ದದ್ದು ಹೋಗುವುದಾದರೂ ಎಲ್ಲಿಗೆ? ಸೀಟಿನ ಸಂದಿಗೆ. ಅದನ್ನು ಹುಡುಕಿ ತೆಗೆಯುವವಳು ನಾನು. ಮುಂಬಯಿ ಏರ್‌ಪೋರ್ಟಿನಲ್ಲಿ ವಿಮಾನದ ಸೀಟು ರಿಪೇರಿ ನನ್ನ ಕೆಲಸ. ಇಂಜಿನ್ ಮುಟ್ಟುವವರಿಗೆ ಸಿಗುವ ಸಲಾಂ ನಮಗೆ ಸಿಗುವುದಿಲ್ಲ. ಹಿಂದಿನಿಂದ ನಮ್ಮನ್ನು ಸೋಫಾ ರಿಪೇರಿಯವರು ಎನ್ನುತ್ತಾರೆ. ಅನ್ನಲಿ ಬಿಡಿ, ಯಾರ ಬಾಯಿಗೆ ಬೀಗ ಹಾಕಲಾಗುತ್ತದೆ?

ಆ ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಕೊಲ್ಲಿ ಕಡೆಯಿಂದ ಬಂದ ವಿಮಾನದ ಲಾಗ್ ಪುಸ್ತಕದಲ್ಲಿ ನನಗೊಂದು ಕೆಲಸ ಬರೆದಿತ್ತು. ಎರಡನೇ ಸಾಲಿನ ಕಿಟಕಿ ಸೀಟಿನ ಪ್ರಯಾಣಿಕರ ಫೋನು ಕಳೆದಿದೆ, ಟಾರ್ಚ್ ಹಾಕಿ ಹುಡುಕಿದೆವು, ಸಿಗಲಿಲ್ಲ ಎಂದು. ಪಾಪ, ಪ್ರಯಾಣಿಕರು ಮುಂದಿನ ವಿಮಾನ ತಪ್ಪುತ್ತದೆಂದು ಓಡಿಹೋಗಿದ್ದರು. ಅದೇ ವಿಮಾನ ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಹೊರಡಬೇಕು.

ಒಳಗೆ ಹೋಗಿ ನೋಡಿದೆ. ಕ್ಯಾಬಿನ್ ಕ್ರೂ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದರು. ಸೀಟಿನ ಬಟನ್‌ಗಳ ಮೇಲೆ ಬಿಳಿ ಟೇಪು ಅಂಟಿಸಿ, ಸೀಟು ಅಲುಗಿಸಬೇಡಿ ಎಂದು ದೊಡ್ಡದಾಗಿ ಬರೆದಿದ್ದರು.

ಯಾಕೆ ಹಾಗೆ ಬರೆಯುತ್ತಾರೆಂದು ಹೇಳಬೇಕು. ಬಿಸಿನೆಸ್ ಕ್ಲಾಸಿನ ಸೀಟು ಬಟನ್ ಒತ್ತಿದರೆ ಹಾಸಿಗೆಯಾಗುತ್ತದೆ. ಕೆಳಗೆ ಮೋಟರುಗಳಿವೆ, ಮೋಟರು ತಳ್ಳುವ ಕಬ್ಬಿಣದಂಥ ತೋಳುಗಳಿವೆ. ಸಂದಿಯಲ್ಲಿ ಫೋನು ಬಿದ್ದಿರುವಾಗ ಬಟನ್ ಒತ್ತಿದರೆ ಆ ತೋಳುಗಳ ನಡುವೆ ಸಿಕ್ಕಿ ಫೋನು ಅಪ್ಪಚ್ಚಿ. ಅದರೊಳಗಿನ ಲಿಥಿಯಂ ಬ್ಯಾಟರಿ ಪದರ ಪದರವಾಗಿರುತ್ತದೆ. ಪದರ ಹರಿದು ಒಂದಕ್ಕೊಂದು ತಾಗಿದರೆ ಒಳಗೇ ಶಾರ್ಟ್ ಆಗಿ ಕಾಯತೊಡಗುತ್ತದೆ, ಕಾದಷ್ಟೂ ಇನ್ನಷ್ಟು ಕಾಯುತ್ತದೆ. ಆಗಲೇ ಹೊತ್ತಿಕೊಳ್ಳಬಹುದು. ಅರ್ಧ ಗಂಟೆ ತೆಪ್ಪಗಿದ್ದು, ವಿಮಾನ ಸಮುದ್ರದ ಮೇಲಿರುವಾಗ ಹೊತ್ತಿಕೊಳ್ಳಬಹುದು. ಇದನ್ನು ವರ್ಷಕ್ಕೊಮ್ಮೆ ನಮಗೆ ಪಾಠ ಮಾಡುತ್ತಾರೆ. ನಾನು ಆ ಪರೀಕ್ಷೆಯಲ್ಲಿ ಒಂದೂ ಉತ್ತರ ತಪ್ಪು ಬರೆದವಳಲ್ಲ.

ಪುಸ್ತಕದ ಪ್ರಕಾರ ಮೊದಲು ಸೀಟಿನ ಕರೆಂಟು ತೆಗೆಯಬೇಕು, ಮೆತ್ತೆ ಕಿತ್ತಿಡಬೇಕು, ಪಕ್ಕದ ಫಲಕದ ಹದಿನಾಲ್ಕು ಸ್ಕ್ರೂ ಬಿಚ್ಚಬೇಕು. ಕಡಿಮೆಯೆಂದರೂ ನಲವತ್ತು ನಿಮಿಷ. ನಮ್ಮ ಸೀಟಿನವರಿಗೆ ಇನ್ನೊಂದು ದಾರಿ ಗೊತ್ತು. ಸೀಟನ್ನು ಪೂರ್ತಿ ಮಲಗಿಸಿದರೆ ಹಿಂಬದಿಯಲ್ಲಿ ಅಂಗೈ ಅಗಲದ ಸಂದಿ ತೆರೆಯುತ್ತದೆ. ಕೈ ಹಾಕು, ಫೋನು ತೆಗೆ, ಮೂರು ನಿಮಿಷದಲ್ಲಿ ಕೆಲಸ ಖತಂ. ಟೇಪಿನ ಮೇಲಿನ ಬರಹ ಪ್ರಯಾಣಿಕರಿಗೆ ಎಂಬುದು ನಮ್ಮೆಲ್ಲರ ನಂಬಿಕೆ. ಹೊಸದಾಗಿ ಸೇರಿದವರಿಗೆ ಈ ಉಪಾಯ ಹೇಳಿಕೊಟ್ಟವಳೂ ನಾನೇ, ಹೆಮ್ಮೆಯಿಂದ ಹೇಳಿಕೊಟ್ಟಿದ್ದೆ.

ಟೇಪು ಕಿತ್ತೆ. ಬಟನ್ ಒತ್ತಿದೆ. ಸೀಟು ಎರಡಂಗುಲ ಜಾರಿ ನಿಂತಿತು.

ಏನಾದರೂ ಅಡ್ಡ ಸಿಕ್ಕರೆ ಮೋಟರು ತಾನಾಗಿ ನಿಲ್ಲುವಂತೆ ಮಾಡಿರುತ್ತಾರೆ. ಹಳೆಯ ಸೀಟುಗಳು ಮಾತ್ರ ಅಡ್ಡ ಇರಲಿ ಇಲ್ಲದಿರಲಿ ನಡುವೆ ಮೊಂಡು ಹಿಡಿದು ನಿಲ್ಲುತ್ತವೆ, ಇನ್ನೊಮ್ಮೆ ಒತ್ತಿದರೆ ಹೊರಡುತ್ತವೆ. ಕೈಗೆ ಅದೇ ಅಭ್ಯಾಸ. ಇನ್ನೊಮ್ಮೆ ಒತ್ತಿದೆ, ಒತ್ತಿ ಹಿಡಿದೆ. ಕೆಳಗಿನಿಂದ ಹಪ್ಪಳ ಮುರಿದಂತೆ ಸಣ್ಣ ಸದ್ದು ಬಂತು. ಸೀಟು ಅಲುಗಲಿಲ್ಲ.

ಕೈ ತೆಗೆದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮಮ್ಮ ಸಾವಿರ ಸಲ ಹೇಳಿದ್ದಳು, ಯಾರು ಕೇಳಿದರು?

ಹಿಂದಿನ ಸಾಲುಗಳಲ್ಲಿ ಗುಡಿಸುವ ತಂಡ ಕೆಲಸ ಮಾಡುತ್ತಿತ್ತು. ಅವರ ಸೂಪರ್‌ವೈಸರ್ ವಿಜಾಪುರದ ಕಡೆಯವರು, ಐವತ್ತು ದಾಟಿದವರು, ಭಾಂಡುಪಿನಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ವಠಾರದಂಥ ಚಾಳಿನಲ್ಲಿ ಇರುವವರು. ಅವರು ಕಸದ ಚೀಲ ಹಿಡಿದು ಪಕ್ಕ ಹಾದು ಹೋದವರು ಎರಡು ಹೆಜ್ಜೆ ಹಿಂದೆ ಬಂದು ನಿಂತರು.

"ಅಕ್ಕಾರ, ಇಲ್ಲೇನೋ ವಾಸ್ನಿ ಬರಾಕತ್ತೈತ್ರೀ."

"ಎಂತ ವಾಸನೆ? ನನಗೆ ಬರ್ತಾ ಇಲ್ಲ."

"ಸಿಹಿ ವಾಸ್ನಿರೀ. ಥಿನ್ನರ್ ಇರತೈತಲ್ರೀ, ಅದರ ಗತೆ. ಈ ನೌಕರಿಗಿಂತ ಮೊದ್ಲ ಹನ್ನೆರಡು ವರ್ಷ ಕುರ್ಚಿಗೆ ಪಾಲಿಶ್ ಹೊಡದೇನ್ರೀ ನಾ. ಮೂಗು ಸುಳ್ಳು ಹೇಳೂದಿಲ್ಲ."

ಬಗ್ಗಿ ಮೂಸಿದೆ. ಇದ್ದರೂ ಇರಬಹುದು ಎನ್ನುವಷ್ಟು ಸಣ್ಣಗೆ ಇತ್ತು. ಕ್ಲೀನಿಂಗ್ ಸ್ಪ್ರೇಯದ್ದೂ ಆಗಿರಬಹುದು. "ನಿಮ್ಮ ಸ್ಪ್ರೇ ವಾಸನೆ ಇರ್ಬೇಕು ಬಿಡಿ" ಎಂದೆ. "ನಮ್ಮ ಸ್ಪ್ರೇ ನಿಂಬಿಹಣ್ಣಿಂದರೀ" ಎಂದರು ಅವರು, ಮುಖ ಸಪ್ಪಗೆ ಮಾಡಿಕೊಂಡು.

ಅಷ್ಟರಲ್ಲಿ ಶಿಫ್ಟ್ ಮ್ಯಾನೇಜರ್ ಬಾಗಿಲಲ್ಲಿ ಕಾಣಿಸಿಕೊಂಡರು. ಮರಾಠಿ ಮನುಷ್ಯ. ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡವರು. ಸೀಟು ವಿಭಾಗದ ಇನ್‌ಚಾರ್ಜ್ ಹುದ್ದೆಗೆ ಅವರೇ ನನ್ನ ಹೆಸರು ಕಳಿಸಿದ್ದರು, ಅದರ ಇಂಟರ್‌ವ್ಯೂ ಗುರುವಾರಕ್ಕೆ ಇತ್ತು. ಆ ಹುದ್ದೆಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೆಂದು ನನ್ನ ಗಂಡನನ್ನು ಕೇಳಿ, ಆ ಮಾತು ಕೇಳಿ ಕೇಳಿ ಅವನ ಕಿವಿ ಸವೆದಿದೆ.

"ಅರೆ ಬಾಯಿ, ಫೋನ್ ಮಿಲ್ ಗಯಾ!" ಎಂದು ದೂರದಿಂದಲೇ ಕೂಗಿದರು. ಪ್ರಯಾಣಿಕರ ಕೋಟಿನ ಒಳಜೇಬಿನಲ್ಲಿ ಫೋನು ಸಿಕ್ಕಿತಂತೆ, ಟ್ರಾನ್ಸ್‌ಫರ್ ಕೌಂಟರಿನಲ್ಲಿ ಹೇಳಿ ಕ್ಷಮೆ ಕೇಳಿ ಹೋದರಂತೆ. "ಎಂಟ್ರಿ ಕ್ಲೋಸ್ ಮಾಡಿ ಇಳಿ. ಹತ್ತು ನಿಮಿಷದಲ್ಲಿ ಬೋರ್ಡಿಂಗ್." ಅವರು ಆಡುವುದು ಹಿಂದಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೊಟ್ಟೆಗೆ ಹಾಲು ಹೊಯ್ದಷ್ಟು ಸಮಾಧಾನವಾಯಿತು ನನಗೆ. ಪೆನ್ನು ತೆಗೆದು ಲಾಗ್ ಪುಸ್ತಕ ಮಂಡಿ ಮೇಲಿಟ್ಟೆ. 'ಫೋನು ಸಿಕ್ಕಿದೆ' ಎಂದು ಬರೆಯಲು ಕೈ ಹೋದಾಗ ತಲೆಯೊಳಗೆ ಒಂದು ಪ್ರಶ್ನೆ ಎದ್ದಿತು. ಫೋನು ಕೋಟಿನಲ್ಲಿತ್ತು ಸರಿ. ಹಾಗಾದರೆ ಒಳಗೆ ಮುರಿದದ್ದು ಏನು?

"ಸರ್, ಸೀಟು ಬಿಗಿಯಾಗಿದೆ, ಒಳಗೇನೋ ಸಿಕ್ಕಿಕೊಂಡಿದೆ" ಎಂದೆ.

"ಚಮಚ ಇರುತ್ತೆ, ಇಲ್ಲ ಪೆನ್ನು. ಕಳೆದ ತಿಂಗಳು ಕನ್ನಡಕ ಸಿಗಲಿಲ್ಲವಾ? ಸೀಟು ನೆಟ್ಟಗೆ ಲಾಕ್ ಮಾಡು, ಕೆಲಸ ಮಾಡುವುದಿಲ್ಲ ಅಂತ ಚೀಟಿ ಹಾಕು, ರಾತ್ರಿ ವಾಪಸ್ ಬಂದ ಮೇಲೆ ಬಿಚ್ಚೋಣ."

ಸೂಪರ್‌ವೈಸರ್ ನಡುವೆ ಬಾಯಿ ಹಾಕಿ ತಮ್ಮ ಹರಕುಮುರುಕು ಹಿಂದಿಯಲ್ಲಿ ವಾಸನೆಯ ವಿಷಯ ಹೇಳಿದರು. ಮ್ಯಾನೇಜರ್ ಬಗ್ಗಿ ನೋಡಿದರು. ನನ್ನ ಬಳಿ ಬಿಸಿ ಅಳೆಯುವ ಪಿಸ್ತೂಲಿನಂಥ ಮೀಟರ್ ಇತ್ತು. ಸೀಟಿನ ಕೆಳಭಾಗಕ್ಕೆ ಹಿಡಿದರೆ ಮೂವತ್ತೆಂಟು ಡಿಗ್ರಿ, ಪಕ್ಕದ ಸೀಟಿಗೆ ಹಿಡಿದರೆ ಇಪ್ಪತ್ತೇಳು.

"ಮೋಟರು ಓಡಿದರೆ ಬಿಸಿ ಆಗುತ್ತಪ್ಪಾ" ಎಂದರು ಮ್ಯಾನೇಜರ್. ಆಮೇಲೆ ನನ್ನ ಮುಖ ನೋಡಿ, "ನೀನು ಓಡಿಸಿದೆಯಾ?" ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ನೆಟ್ಟಗೆ ಜೇಬಿಗೆ ಹೋಯಿತು, ಕಿತ್ತ ಟೇಪಿನ ಉಂಡೆ ಅಲ್ಲೇ ಇತ್ತು. "ಇಲ್ಲ ಸರ್, ಮೊದಲೇ ಜಾಮ್ ಆಗಿತ್ತು ಅನ್ನಿಸುತ್ತೆ" ಎಂದುಬಿಟ್ಟೆ. ಸೂಪರ್‌ವೈಸರ್ ನನ್ನನ್ನು ನೋಡಿದರು. ಮೋಟರಿನ ಸದ್ದನ್ನು ಅವರು ಕೇಳಿದ್ದರು. ಕಸದ ಚೀಲದ ಬಾಯಿ ಕಟ್ಟತೊಡಗಿದರು.

ಮ್ಯಾನೇಜರ್ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರಿಗೆ ಸಿಕ್ಕ ಮಾಹಿತಿಯೇ ಅಷ್ಟು. ಫೋನು ಸಿಕ್ಕಿದೆ, ಸೀಟು ಮೊದಲೇ ಕೆಟ್ಟಿತ್ತು. ಅಷ್ಟಕ್ಕೆ ಯಾರೂ ವಿಮಾನ ತಡೆಯುವುದಿಲ್ಲ. ಎರಡಂಗುಲಕ್ಕೆ ನಿಂತ ಸೀಟನ್ನು ಒಬ್ಬಳು ಮತ್ತೆ ಒತ್ತಿದಳು, ಏನೋ ಮುರಿಯಿತು ಎನ್ನುವ ಸಂಗತಿ ಸೇರಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಅದನ್ನು ತಿಳಿದವಳು ನಾನೊಬ್ಬಳು. ಹೇಳಿದರೆ ಗುರುವಾರ ಮುಗಿಯಿತು. ಹೇಳದಿದ್ದರೆ ವಿಮಾನ ಹೊರಡುತ್ತದೆ.

ಲಾಕ್ ಮಾಡುವ ಪಿನ್ನು ತರಲು ಎದ್ದೆ. ಪೆಟ್ಟಿಗೆಯಲ್ಲಿ ಪಿನ್ನು ಎದುರಿಗೇ ಇದ್ದರೂ ಕೈಗೆ ಸಿಗುತ್ತಿರಲಿಲ್ಲ. ಮತ್ತೊಮ್ಮೆ ಮೀಟರ್ ಹಿಡಿದೆ. ನಲವತ್ತೊಂದು. ಮೋಟರು ನಿಂತು ಹತ್ತು ನಿಮಿಷದ ಮೇಲಾಗಿತ್ತು. ತಣ್ಣಗಾಗಬೇಕಿದ್ದದ್ದು ಮೂರು ಡಿಗ್ರಿ ಏರಿತ್ತು! ಅಯ್ಯೋ ದೇವರೇ ಎಂದೆ, ಜೋರಾಗಿಯೇ ಎಂದೆ.

ಮುಂದಿನ ಬಾಗಿಲಲ್ಲಿ ಕ್ಯಾಪ್ಟನ್ ನಿಂತಿದ್ದರು. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮ್ಯಾನೇಜರ್ ಅವರ ಕೈಯಿಂದ ಕಾಗದ ತೆಗೆದುಕೊಳ್ಳುತ್ತಿದ್ದರು. ಗೇಟಿನಿಂದ ವಿಮಾನಕ್ಕೆ ಬರುವ ಏರೋಬ್ರಿಡ್ಜಿನಲ್ಲಿ ಮೊದಲ ಪ್ರಯಾಣಿಕರ ಚೀಲದ ಗಾಲಿಗಳ ಸದ್ದು ಕೇಳಿಸುತ್ತಿತ್ತು. "ನನಗೆ ತಿಳಿಸಬೇಕಾದದ್ದು ಬೇರೇನಾದರೂ ಇದೆಯಾ?" ಎಂದು ಕ್ಯಾಪ್ಟನ್ ಎಲ್ಲರಿಗೂ ಕೇಳುವಂತೆ ಕೇಳಿದರು. ದಿನವೂ ಕೇಳುವ ಪ್ರಶ್ನೆ, ದಿನವೂ ಎಲ್ಲರೂ ಇಲ್ಲ ಎನ್ನುವ ಪ್ರಶ್ನೆ.

"ಇದೆ ಮೇಡಂ" ಎಂದೆ. "ಸೀಟು ನಾನೇ ಓಡಿಸಿದೆ. ಟೇಪು ಕಿತ್ತು ಓಡಿಸಿದೆ. ಅದು ನಿಂತಿತು, ನಿಂತ ಮೇಲೂ ಇನ್ನೊಮ್ಮೆ ಒತ್ತಿದೆ. ಒಳಗೇನೋ ಮುರಿದಿದೆ. ಬಿಸಿ ಏರುತ್ತಿದೆ. ಇವರಿಗೆ ಥಿನ್ನರ್ ವಾಸನೆ ಬಂದಿದೆ. ಮ್ಯಾನೇಜರಿಗೆ ನಾನು ಸುಳ್ಳು ಹೇಳಿದೆ."

ಮ್ಯಾನೇಜರರ ಮುಖ ನೋಡಲು ಧೈರ್ಯವಾಗಲಿಲ್ಲ. ಕ್ಯಾಪ್ಟನ್ ಮೂರೇ ಪ್ರಶ್ನೆ ಕೇಳಿದರು. ಎಷ್ಟು ಬಿಸಿ? ಎಷ್ಟು ಹೊತ್ತಿನಿಂದ? ಸೀಟಿನ ಕರೆಂಟು ತೆಗೆದಾಗಿದೆಯಾ? ಮೂರನೆಯದಕ್ಕೆ ಇಲ್ಲ ಎಂದಾಗ, "ಈಗಲೇ ತೆಗೆ" ಎಂದರು. ಬೋರ್ಡಿಂಗ್ ನಿಲ್ಲಿಸಿದರು. ಬಾಗಿಲವರೆಗೆ ಬಂದಿದ್ದವರನ್ನು ಹಿಂದಕ್ಕೆ ಕಳಿಸಿದರು, ಫೈರ್ ಸರ್ವಿಸ್‌ಗೆ ರೇಡಿಯೋ ಮಾಡಿದರು. ಅಷ್ಟೂ ಕೆಲಸ ಒಂದು ನಿಮಿಷದೊಳಗೆ ಆಯಿತು. ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ, ಕೈಗಳಿಗೆ ಜೀವ ಬಂತು.

ಕರೆಂಟು ತೆಗೆದೆ. ದಪ್ಪ ಕೈಗವಸು ಹಾಕಿಕೊಂಡೆ. ಮೆತ್ತೆ ಎರಡೇ ಎಳೆತಕ್ಕೆ ಬಂತು. ಸೂಪರ್‌ವೈಸರರಿಗೆ, "ಅಣ್ಣ, ಊಟ ಇಡುವ ಗ್ಯಾಲಿಯಲ್ಲಿ ಎಷ್ಟು ನೀರಿನ ಬಾಟಲಿ ಉಂಟೋ ಅಷ್ಟೂ ತನ್ನಿ, ಮುಚ್ಚಳ ತೆಗೆದು ಇಡಿ" ಎಂದೆ. ಅವರು ತಮ್ಮ ಹುಡುಗಿಯರನ್ನೆಲ್ಲ ಹಿಂದಿನ ಬಾಗಿಲಿಂದ ಇಳಿಸಿ, ಒಬ್ಬರೇ ಬಾಟಲಿ ಹೊತ್ತು ಬಂದರು. "ನೀವೂ ಇಳೀರಿ" ಎಂದರೆ, "ವಾಸ್ನಿ ಹಿಡದಾಂವ ನಾ, ನೋಡದ ಹ್ಯಾಂಗ ಹೋಗ್ಲಿರೀ?" ಎಂದು ನನಗೇ ತಿರುಗಿ ಕೇಳಿದರು.

ಸ್ಕ್ರೂ ಬಿಚ್ಚತೊಡಗಿದೆ. ಹದಿಮೂರು ಬಂದವು. ಹದಿನಾಲ್ಕನೆಯದರ ತಲೆ ಸವೆದು ಬೋಳಾಗಿತ್ತು, ಸ್ಕ್ರೂಡ್ರೈವರ್ ಜಾರುತ್ತಿತ್ತು. ಅದನ್ನು ಹಿಂದೆ ಬಿಗಿದವರು ಯಾರೋ, ಅವರ ಏಳು ತಲೆಮಾರಿಗೂ ಸಲ್ಲುವಷ್ಟು ಬೈದೆ. ಕೊನೆಗೆ ಫಲಕವನ್ನೇ ಸ್ವಲ್ಪ ಬಾಗಿಸಿ, ಬೆರಳು ದಪ್ಪದ ಸಂದಿ ಮಾಡಿ, ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳನೆ ಕೇಬಲನ್ನು ಒಳಗೆ ಬಿಟ್ಟೆ. ಧೂಳು, ಒಂದು ಕಡಲೆಬೀಜ, ಒಂದು ಕಿವಿಯೋಲೆ. ಇನ್ನೂ ಒಳಗೆ ಕಪ್ಪಗೆ ಏನೋ ಇತ್ತು. ಕ್ಯಾಮೆರಾ ತಿರುಗಿಸಿದೆ.

ಪವರ್ ಬ್ಯಾಂಕ್! ಎಂದೋ ಯಾರೋ ಬೀಳಿಸಿಕೊಂಡು, ಹೋದರೆ ಹೋಗಲಿ ಎಂದು ಇಳಿದುಹೋದದ್ದು. ಅದರ ಮೂಲೆಗೆ ಸೀಟು ತಳ್ಳುವ ತೋಳಿನ ಹಲ್ಲು ಇಳಿದಿತ್ತು. ಒಂದು ಬದಿ ಪೂರಿಯಂತೆ ಉಬ್ಬಿತ್ತು. ಇಡೀ ಬೆಳಿಗ್ಗೆ ಎಲ್ಲರೂ ಹುಡುಕಿದ್ದು ಅಲ್ಲಿ ಇಲ್ಲದ ಫೋನನ್ನು!

"ಹಿಂದಕ್ಕೆ ಬಾ. ಫೈರ್‌ನವರು ತೆಗೆಯಲಿ" ಎಂದರು ಮ್ಯಾನೇಜರ್. ಸರಿಯಾದ ಮಾತು. ನಾನು ಕೇಬಲ್ ಹೊರಗೆಳೆದು ಎದ್ದು ನಿಂತೆ. ಆಗ ಕುಕ್ಕರ್ ವಿಷಲ್‌ಗೆ ಮೊದಲು ಬರುವಂಥ ಸಣ್ಣ ಸುಯ್ ಶಬ್ದ ಶುರುವಾಯಿತು. ಸಂದಿಯಿಂದ ಬಿಳಿ ಹೊಗೆ ಬಂತು, ಹಿಂದೆಯೇ ಕಿತ್ತಳೆ ಬಣ್ಣದ ಬೆಂಕಿ ನಾಲಿಗೆ ಚಾಚಿತು.

ಕ್ಯಾಪ್ಟನ್ ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಸಿದ್ಧವಾಗಿತ್ತು. ಒಂದೇ ಉಸಿರಿಗೆ ಊದಿದರು. ಜ್ವಾಲೆ ಅಡಗಿತು. ಮ್ಯಾನೇಜರ್ "ಹೋ ಗಯಾ, ಮುಗೀತು!" ಎಂದರು. ಇಲ್ಲ, ಮುಗಿದಿರಲಿಲ್ಲ. ಆ ಗ್ಯಾಸು ಬೆಂಕಿಯನ್ನು ಕೊಲ್ಲುತ್ತದೆ, ಬಿಸಿಯನ್ನು ಕೊಲ್ಲುವುದಿಲ್ಲ. ಪವರ್ ಬ್ಯಾಂಕಿನೊಳಗೆ ಅಕ್ಕಪಕ್ಕ ಎರಡು ಮೂರು ಬ್ಯಾಟರಿಗಳಿರುತ್ತವೆ. ಒಂದು ಕಾದರೆ ಪಕ್ಕದ್ದನ್ನೂ ಕಾಯಿಸಿ ಹೊತ್ತಿಸುತ್ತದೆ. ನಾನು ಬಾಟಲಿ ಎತ್ತಿದೆ.

"ನೀರು ಬೇಡ! ಕರೆಂಟ್ ಸೀಟು ಅದು!" ಎಂದು ಮ್ಯಾನೇಜರ್ ಕೂಗಿದರು.

"ಕರೆಂಟು ತೆಗೆದಾಗಿದೆ ಸರ್!"

ಗ್ಯಾಲಿಯಿಂದ ಕ್ರೂ ಹುಡುಗಿಯೊಬ್ಬಳು ಐಸ್ ಡಬ್ಬಿ ಹಿಡಿದು ಓಡಿಬಂದಳು. "ಐಸ್ ಬೇಡ, ಕಂಬಳಿ ಹೊದಿಸಿದ ಹಾಗಾಗುತ್ತೆ, ಬಿಸಿ ಒಳಗೇ ಉಳಿಯುತ್ತೆ!" ಎಂದು ಕೂಗಿದ್ದು ನಾನೋ ಕ್ಯಾಪ್ಟನ್ನೋ ಈಗ ನೆನಪಿಲ್ಲ, ಇಬ್ಬರೂ ಒಟ್ಟಿಗೆ ಕೂಗಿರಬೇಕು. ಸಂದಿಗೆ ನೀರು ಹೊಯ್ದೆ. ಬಿಸಿ ಕಾವಲಿಗೆ ನೀರು ಚಿಮುಕಿಸಿದಂತೆ ಚುಂಯ್ ಎಂದಿತು. ಎರಡನೇ ಬಾಟಲಿ. ಮೂರನೆಯದು. ಅಷ್ಟರಲ್ಲಿ ಪಟ್ ಎಂದು ಎರಡನೇ ಬ್ಯಾಟರಿ ಹೊತ್ತಿ, ಕಿಡಿ ನನ್ನ ತೋಳಿನವರೆಗೆ ಬಂತು. ಸೂಪರ್‌ವೈಸರ್ ಹಿಂದಿನಿಂದ ಬಾಟಲಿ ಕೊಡುತ್ತಲೇ ಇದ್ದರು. "ಹೊಯ್ರೀ ಅಕ್ಕಾರ, ಹೊಯ್ರೀ! ಬಿಡಬ್ಯಾಡ್ರೀ!" ಊರಿನ ಕುಸ್ತಿ ನೋಡುವವರ ಹಾಗೆ ಕೂಗುತ್ತಿದ್ದರು. ನಾನೂ ಕೂಗುತ್ತಿದ್ದೆ, ಏನೆಂದು ಕೇಳಬೇಡಿ, ನಮ್ಮೂರ ತುಳುವಿನಲ್ಲಿ ಬಾಯಿಗೆ ಬಂದದ್ದೆಲ್ಲ. ಹದಿನೆಂಟು ಬಾಟಲಿ ಸುರಿದಾಗ ಹೊಗೆ ಹೋಗಿ ಬರೀ ಆವಿ ಉಳಿಯಿತು. ಆಮೇಲೂ ಸುರಿದೆವು.

ಫೈರ್‌ನವರು ಬಂದು, ತಣ್ಣಗಾಗುವವರೆಗೆ ಕಾದು, ಉದ್ದ ಇಕ್ಕಳದಲ್ಲಿ ಅದನ್ನು ಹಿಡಿದು ನೀರು ತುಂಬಿದ ಬಕೆಟ್ಟಿಗೆ ಹಾಕಿದರು. ಹೋಳಿಗೆಯಷ್ಟೂ ಇಲ್ಲದ ಕರಿ ತುಂಡು. ನಾವು ನಾಲ್ಕು ಜನ ಬಕೆಟ್ಟಿನ ಸುತ್ತ ಬಗ್ಗಿ ನೋಡುತ್ತಾ ನಿಂತೆವು. ಕ್ಯಾಪ್ಟನ್ ಗಡಿಯಾರ ನೋಡಿ, "ಹೊರಟಿದ್ದರೆ ಈಗ ರನ್‌ವೇ ಬಿಟ್ಟು ಮೇಲೇರುತ್ತಿದ್ದೆವು" ಎಂದರು. ಸೂಪರ್‌ವೈಸರ್ ತಮ್ಮ ಮೂಗನ್ನು ಮೆಲ್ಲಗೆ ಸವರಿಕೊಂಡರು. ನನಗೆ ಅಷ್ಟು ಜನರ ಎದುರು ಗೊಳ್ಳೆಂದು ನಗು ಬಂತು, ಅವರಿಗೂ ಬಂತು.

ವರದಿಯನ್ನು ಅಲ್ಲೇ ಕೂತು ಬರೆದೆ. ವಾಸನೆ ಮೊದಲು ಗುರುತಿಸಿದವರು ಕ್ಲೀನಿಂಗ್ ಸೂಪರ್‌ವೈಸರ್ ಎಂದು ಬರೆದೆ. ಮ್ಯಾನೇಜರ್ ಪಕ್ಕದಲ್ಲಿ ನಿಂತು ಓದಿದರು. ಟೇಪು ಕಿತ್ತ ಸಾಲು ಬಂತು, ಮೊದಲ ಸಲ ಒತ್ತಿದ ಸಾಲು ಬಂತು. "ಸೀಟು ಚೆಕ್ ಮಾಡುವಾಗ ಜಾಮ್ ಕಂಡುಬಂತು ಅಂತ ಬರೆದರೂ ನಡೆಯುತ್ತೆ" ಎಂದರು ತಗ್ಗಿದ ದನಿಯಲ್ಲಿ. ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ಎರಡನೇ ಸಲ ಒತ್ತಿದ್ದನ್ನೂ ಬರೆದು ಸಹಿ ಹಾಕಿದೆ. ಅವರು ಕಾಗದ ಮಡಚಿಕೊಂಡರು. "ಗುರುವಾರ ಬರಬೇಡ. ನಿನ್ನ ಹೆಸರು ನಾನೇ ವಾಪಸ್ ತೆಗೆಯಬೇಕಾಗುತ್ತೆ. ವಿಚಾರಣೆ ಮುಗಿಯುವವರೆಗೆ ಟೂಲ್ ಬಾಕ್ಸ್ ಕೂಡ ಒಪ್ಪಿಸು" ಎಂದರು. ಸುಳ್ಳು ಹೇಳುವುದಿಲ್ಲ, ಬಹಳ ದುಃಖವಾಯಿತು. ಪೆಟ್ಟಿಗೆ ಅವರ ಕೈಗೆ ಕೊಟ್ಟು ಏರೋಬ್ರಿಡ್ಜ್ ಹತ್ತಿದೆ. ಸೂಪರ್‌ವೈಸರ್ ಜೊತೆಗೆ ಬಂದರು.

ಗೇಟಿನಲ್ಲಿ ಪ್ರಯಾಣಿಕರ ಗಲಾಟೆ ಮುಗಿಲು ಮುಟ್ಟಿತ್ತು. ಬದಲಿ ವಿಮಾನ ತರಿಸಿದ್ದರು. ಅದು ಚಿಕ್ಕದು, ಅದರಲ್ಲಿ ಮಲಗುವ ಸೀಟುಗಳಿರಲಿಲ್ಲ. ನಾನು ಮೊಣಕೈವರೆಗೆ ಒದ್ದೆ, ಮುಖಕ್ಕೆಲ್ಲ ಮಸಿ. "ಅಕ್ಕಾರ, ಚಾ ಕುಡಿಯೂಣ ನಡೀರಿ, ಮಾರಿ ಬಾಡೇತಿ" ಎಂದು ಸೂಪರ್‌ವೈಸರ್ ಹೇಳಿದ್ದನ್ನು ಕೇಳಿ, ಬಿಳಿ ಅಂಗಿಯ ಹಿರಿಯರೊಬ್ಬರು ಎದ್ದು ಬಂದರು.

"ಓಹೋ, ನೀವು ಕನ್ನಡದವರಾ? ಹಾಗಾದ್ರೆ ಕನ್ನಡದಲ್ಲೇ ಕೇಳ್ತೇನೆ. ಎಂತದಮ್ಮಾ ಇದು ಅವಸ್ಥೆ? ದಾದರಿನಲ್ಲಿ ಹೋಟೆಲು ನನ್ನದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಾಯ್ಲರ್ ಹಚ್ಚಿ ಬಂದವ ನಾನು. ಎರಡನೇ ಸಾಲು, ಕಿಟಕಿ ಬದಿ, ಕೇಳಿ ಕೇಳಿ ಅದೇ ಸೀಟು ತೆಗೊಂಡದ್ದು. ಈಗ ಇಲ್ಲ ಅಂತಾರೆ! ಯಾರೋ ರಿಪೇರಿಯವರು ಬಿಚ್ಚಿ ಹಾಕಿದ್ದಾರಂತೆ!"

ನನ್ನ ಕಾಲು ಅಲ್ಲೇ ನಿಂತಿತು. "ಆ ಸೀಟು ನಿಮ್ಮದಾ?" ಎಂದೆ.

"ಮತ್ತೆ? ವಿಮಾನ ಮೇಲೆ ಹೋದ ಕೂಡ್ಲೆ ಆ ಬಟನ್ ಒತ್ತುದು, ಅಡ್ಡ ಬೀಳುದು, ಇಳಿಯುವವರೆಗೆ ಏಳುದಿಲ್ಲ ಅಂತ ಇದ್ದೆ ನಾನು. ಎಲ್ಲ ಹಾಳು ಮಾಡಿದ್ರು. ಯಾರಮ್ಮ ಅದು ಮಾಡಿದ್ದು?"

"ನಾನೇ ಮಾರಾಯ್ರೆ" ಎಂದೆ. "ನಾನೇ ಹಾಳು ಮಾಡಿದ್ದು."

ಅವರು ಬೈದರು. ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆ ಮುಂದೆ ಕೂತವರು ಬೈಯುವ ಹಾಗೆ, ಉಸಿರು ಬಿಡದೆ, ಬಾಯ್ತುಂಬ ಬೈದರು. ನಾನು ಕೈಕಟ್ಟಿ ನಿಂತು ಅವರ ಮುಖವನ್ನೇ ನೋಡಿದೆ. ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು, ಹಣೆಯಲ್ಲಿ ಒಂದು ಗೆರೆ ಗಂಧ, ಬೈಯುವಾಗ ನಡುಗುವ ಬಿಳಿ ಮೀಸೆ. ನನ್ನ ಕಣ್ಣಲ್ಲಿ ನೀರು ಇಳಿಯತೊಡಗಿದ್ದು ನೋಡಿ ಅವರು ಗಾಬರಿಯಾದರು. "ಅಯ್ಯೋ, ಅಳ್ಬೇಡಿ ಮಾರಾಯ್ತಿ. ನಾನು ಅಷ್ಟು ಬೈಬಾರ್ದಿತ್ತು."

"ಬೈಯಿರಿ" ಎಂದೆ. "ಇನ್ನೂ ಸ್ವಲ್ಪ ಬೈಯಿರಿ."